ಚಂದ್ರದ್ರೋಣದ ಕುರಿಂಜಿ: ಹನ್ನೆರಡು ವರ್ಷದ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಮಳೆಯ ಬಿರುಸು ಇಳಿದು ಗಿರಿಯ ಮೇಲಿನ ಮಂಜು ಆಗಾಗ ಬಿಡುವು ಕೊಡುವ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ, ಚಿಕ್ಕಮಗಳೂರಿನ ಹೆಸರು ಹೊತ್ತ ನೀಲಿ ಗುಡ್ಡದ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಒಕ್ಕಣೆ ಹೆಚ್ಚುಕಡಿಮೆ ಒಂದೇ: ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಅರಳಿದೆ, ಬೇಗ ಬನ್ನಿ. ಓದಿದವರಿಗೆ ಗೊಂದಲವಾಗುವುದು ಸಹಜ. 2018ರಲ್ಲಿ ಮುನ್ನಾರಿನಲ್ಲಿ ಅರಳಿತು. 2021ರಲ್ಲಿ ಕೊಡಗಿನ ಮಾಂದಲ್‌ಪಟ್ಟಿ ಕಡೆಯಿಂದ ಸುದ್ದಿ ಬಂತು. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿನ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿಯ ಇಳಿಜಾರುಗಳೇ ನೀಲಿಯಾದವು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಹೂವು ಹೀಗೆ ಎರಡು ಮೂರು ವರ್ಷಕ್ಕೊಮ್ಮೆ ಸುದ್ದಿಯಾಗುವುದು ಹೇಗೆ?

ಇದರ ಜೊತೆಗೆ ಇನ್ನಷ್ಟು ಸುದ್ದಿಗಳು ಸೇರಿಕೊಂಡಿವೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸಂರಕ್ಷಿತ ಸಸ್ಯಗಳ ಪಟ್ಟಿಗೆ ಕುರಿಂಜಿ ಸೇರಿತು. 2024ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ತನ್ನ ಕೆಂಪು ಪಟ್ಟಿಯಲ್ಲಿ ಅದನ್ನು ಅಳಿವಿನ ಅಪಾಯಕ್ಕೆ ಒಡ್ಡಿಕೊಂಡ ಪ್ರಭೇದವೆಂದು ಗುರುತಿಸಿತು. 2025ರ ಸೆಪ್ಟೆಂಬರಿನಿಂದ ಗಿರಿಗೆ ಹೋಗುವ ವಾಹನಗಳಿಗೆ ಆನ್‌ಲೈನ್ ನೋಂದಣಿ ಬಂತು. ಮುಳ್ಳಯ್ಯನಗಿರಿಯನ್ನು ಸಂರಕ್ಷಣಾ ಮೀಸಲು ಮಾಡಬೇಕೆಂಬ ಪ್ರಸ್ತಾವ ಮತ್ತು ಅದರ ವಿರೋಧ, ಎರಡೂ ವರ್ಷಗಳಿಂದ ನಡೆದುಕೊಂಡೇ ಬಂದಿವೆ. ಇವೆಲ್ಲ ಪತ್ರಿಕೆಯ ಬೇರೆ ಬೇರೆ ಪುಟಗಳಲ್ಲಿ ಬಂದ ಸುದ್ದಿಗಳು. ನಡೆದಿರುವುದು ಮಾತ್ರ ಒಂದೇ ಗುಡ್ಡಸಾಲಿನ ಹುಲ್ಲಿನ ಮೇಲೆ. ಆದ್ದರಿಂದ ಒಟ್ಟಿಗೆ ಇಟ್ಟುಕೊಂಡೇ ನೋಡಬೇಕು.

ಒಂದು ಹೆಸರು, ಹಲವು ಗಿಡ

ಮೊದಲ ಗೊಂದಲ ಹೆಸರಿನದು. ಸಸ್ಯಶಾಸ್ತ್ರದ ಕುರಿಂಜಿ ಎಂದರೆ ಸ್ಟ್ರೊಬಿಲಾಂಥಿಸ್ ಕುಂತಿಯಾನ ಎಂಬ ಒಂದೇ ಜಾತಿ. ಆದರೆ ಸ್ಟ್ರೊಬಿಲಾಂಥಿಸ್ ಎಂಬುದು ದೊಡ್ಡ ಬಳಗ. ಭಾರತದಲ್ಲೇ ಅದರ ಸುಮಾರು 150 ಜಾತಿಗಳಿವೆ. ಮಲೆನಾಡಿನಲ್ಲಿ ಹಳಬರು ಈ ಬಳಗದ ಗಿಡಗಳನ್ನು ಗುರಿಗೆ, ಗುರಗಿ ಎಂದೆಲ್ಲ ಕರೆಯುತ್ತಾರೆ. ಕೆಲವು ವರ್ಷವರ್ಷವೂ ಹೂ ಬಿಡುತ್ತವೆ. ಮಹಾರಾಷ್ಟ್ರದ ಕಾಸ್ ಪ್ರಸ್ಥಭೂಮಿಯಲ್ಲಿ ಬುಟ್ಟಿ ಬೋರಲು ಹಾಕಿದ ಹಾಗೆ ಗುಂಡಗೆ ಬೆಳೆಯುವ ಸೆಸಿಲಿಸ್ ಎಂಬ ಜಾತಿ ಸುಮಾರು ಏಳು ವರ್ಷಕ್ಕೊಮ್ಮೆ ಅರಳುತ್ತದೆ. ಮುಂಬೈ ಸುತ್ತಿನ ಗುಡ್ಡಗಳ ಕಾರ್ವಿಯದು ಏಳೆಂಟು ವರ್ಷದ ಲೆಕ್ಕ. ಹೂವು ಇವೆಲ್ಲದರಲ್ಲೂ ನೀಲಿ ಅಥವಾ ನೇರಳೆ ಛಾಯೆಯ ಗಂಟೆಯಾಕಾರದ್ದೇ. ದೂರದಿಂದ ತೆಗೆದ ಚಿತ್ರದಲ್ಲಿ ಯಾವುದು ಯಾವುದೆಂದು ಹೇಳುವುದು ಪರಿಣತರಿಗೂ ಕಷ್ಟ.

ಎತ್ತರ ಒಂದು ಸುಳಿವು ಕೊಡುತ್ತದೆ. ಕುಂತಿಯಾನ ಬಯಸುವುದು ಸಮುದ್ರಮಟ್ಟದಿಂದ ಸುಮಾರು 1,300 ಮೀಟರಿಗೂ ಮೇಲಿನ ಹುಲ್ಲಿನ ಬೋಳುಗುಡ್ಡಗಳನ್ನು. 1,930 ಮೀಟರಿನ ಮುಳ್ಳಯ್ಯನಗಿರಿ, 1,895 ಮೀಟರಿನ ಬಾಬಾಬುಡನ್‌ಗಿರಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಹಾಸನ ಜಿಲ್ಲೆಯ ಸಕಲೇಶಪುರ ಸೀಮೆಯಲ್ಲಿ ಸಾವಿರ ಮೀಟರಿನ ಆಸುಪಾಸಿನ ಗುಡ್ಡಗಳೇ ಹೆಚ್ಚು. ಅಂಥ ಕಡೆ ಕಾಡಿನಂಚಿನಲ್ಲಿ ನೀಲಿ ಹೂ ಕಂಡರೆ ಅದು ಬಳಗದ ಬೇರೊಬ್ಬ ಸದಸ್ಯನಾಗಿರುವ ಸಾಧ್ಯತೆಯೇ ಹೆಚ್ಚು. ಆ ಹೂವೂ ಚೆಂದವೇ. ಆದರೆ ಅದನ್ನು ಹನ್ನೆರಡು ವರ್ಷದ ಕುರಿಂಜಿ ಎಂದು ಹಂಚಿಕೊಂಡಾಗ ನಿಜವಾದ ಕುರಿಂಜಿ ಎಲ್ಲಿ, ಎಷ್ಟು ಉಳಿದಿದೆ ಎಂಬ ಲೆಕ್ಕವೇ ಕಲಸಿಹೋಗುತ್ತದೆ. ಎಲ್ಲ ಕಡೆಯೂ ಇದೆ ಎಂಬ ಭಾವನೆ ಬಂದಮೇಲೆ ಕಾಪಾಡುವ ತುರ್ತು ಯಾರಿಗೂ ಕಾಣುವುದಿಲ್ಲ.

ಬ್ಯಾಚಿನ ಲೆಕ್ಕ

ಎರಡನೇ ಗೊಂದಲ ವರ್ಷದ್ದು. ಕುರಿಂಜಿಯ ಹನ್ನೆರಡು ವರ್ಷದ ಚಕ್ರಕ್ಕೆ 1838ರಿಂದ ಈಚೆಗೆ ದಾಖಲೆಗಳಿವೆ. ನೀಲಗಿರಿ, ಪಳನಿ, ಮುನ್ನಾರ್ ಗುಡ್ಡಗಳಲ್ಲಿ 1982, 1994, 2006, 2018 ಹೀಗೆ ಲೆಕ್ಕ ತಪ್ಪದೆ ಬಂದಿದೆ. ಅಲ್ಲಿನ ಮುಂದಿನ ದೊಡ್ಡ ಹೂವು 2030ಕ್ಕೆ. ಚಂದ್ರದ್ರೋಣದಲ್ಲಿ 2022ರಲ್ಲಿ ಅರಳಿದ್ದರ ಮುಂದಿನ ಸರದಿ 2034ಕ್ಕೆ.

ಇದನ್ನು ಶಾಲೆಯ ಬ್ಯಾಚಿನ ಹಾಗೆ ಅರ್ಥ ಮಾಡಿಕೊಳ್ಳಬಹುದು. ಒಂದನೇ ತರಗತಿಗೆ ಸೇರಿದ ವರ್ಷ ಬೇರೆಯಾದರೆ ಎಸ್ಸೆಸ್ಸೆಲ್ಸಿ ಬರೆಯುವ ವರ್ಷವೂ ಬೇರೆ. ಓದುವ ವರ್ಷಗಳು ಮಾತ್ರ ಎಲ್ಲರಿಗೂ ಒಂದೇ. ಮುನ್ನಾರಿನ ಬ್ಯಾಚು ಮೊಳೆತ ವರ್ಷ ಬೇರೆ, ಚಂದ್ರದ್ರೋಣದ ಬ್ಯಾಚಿನದು ಬೇರೆ. ಒಂದೇ ಗುಡ್ಡದಲ್ಲೂ ಮುಖ್ಯ ಬ್ಯಾಚಿನಿಂದ ತಪ್ಪಿಸಿಕೊಂಡ ಒಂದಿಷ್ಟು ಗಿಡಗಳು ಹಿಂದೆ ಮುಂದೆ ಅರಳುವುದುಂಟು. ಹೀಗಾಗಿ ದಕ್ಷಿಣದ ಯಾವುದೋ ಒಂದು ಬೆಟ್ಟದಲ್ಲಿ ಆಗಾಗ ಹೂವು ಕಾಣಿಸಿಕೊಂಡರೆ ಹನ್ನೆರಡು ವರ್ಷದ ಮಾತು ಸುಳ್ಳಾಗುವುದಿಲ್ಲ. ಆ ಮಾತು ಒಂದೊಂದು ಗಿಡದ ಆಯುಸ್ಸಿಗೆ ಸಂಬಂಧಿಸಿದ್ದು. ಇಡೀ ಪಶ್ಚಿಮಘಟ್ಟಕ್ಕೆ ನೇತುಹಾಕಿದ ಒಂದೇ ಕ್ಯಾಲೆಂಡರ್ ಎಂದುಕೊಂಡಾಗ ಲೆಕ್ಕ ತಪ್ಪುತ್ತದೆ.

ಒಟ್ಟಿಗೇ ಅರಳುವುದರಿಂದ ಗಿಡಕ್ಕೇನು ಲಾಭ? ಬಿದಿರನ್ನು ಬಲ್ಲ ಮಲೆನಾಡಿನವರಿಗೆ ಇದು ತೀರಾ ಹೊಸದಲ್ಲ. ಬಿದಿರು ದಶಕಗಟ್ಟಲೆ ಕಾದು ಒಮ್ಮೆ ಹೂ ಬಿಟ್ಟು, ಬಿದಿರಕ್ಕಿ ಸುರಿದು, ಮೆಳೆಗೆ ಮೆಳೆಯೇ ಒಣಗಿ ಸಾಯುತ್ತದೆ. ಸ್ವಲ್ಪಸ್ವಲ್ಪ ಬೀಜ ಬಿಟ್ಟರೆ ಇಲಿ, ಹಕ್ಕಿ, ಹುಳುಗಳು ಪೂರ್ತಿ ತಿಂದು ಮುಗಿಸುತ್ತವೆ. ಒಂದೇ ಸಲ ರಾಶಿ ಸುರಿದರೆ ತಿನ್ನುವವರ ಹೊಟ್ಟೆ ತುಂಬಿದ ಮೇಲೂ ಬೀಜ ಮಿಗುತ್ತದೆ. ಜೊತೆಗೆ ಗುಡ್ಡವೇ ನೀಲಿಯಾದಾಗ ಹೆಜ್ಜೇನು, ತುಡುವೆ ಜೇನು ದೂರದಿಂದ ಹುಡುಕಿಕೊಂಡು ಬರುತ್ತವೆ, ಪರಾಗಸ್ಪರ್ಶ ಚೆನ್ನಾಗಿ ಆಗುತ್ತದೆ. ವಿಜ್ಞಾನಿಗಳು ಮುಖ್ಯವಾಗಿ ಈ ಎರಡು ಕಾರಣಗಳನ್ನು ಮುಂದಿಡುತ್ತಾರೆ. ಎರಡೂ ಕೆಲಸ ಮಾಡಬೇಕಾದರೆ ಗಿಡಗಳ ಸಂಖ್ಯೆ ದೊಡ್ಡದಿರಬೇಕು. ಅಲ್ಲೊಂದು ಇಲ್ಲೊಂದು ತುಂಡಿನಲ್ಲಿ ನಾಲ್ಕು ಗಿಡ ಉಳಿದರೆ ರಾಶಿಯ ಬಲವೇ ಇರುವುದಿಲ್ಲ. ಹೂವು ಬರುತ್ತದೆ, ಬೀಜ ಉಳಿಯುವುದಿಲ್ಲ.

ಒಂದೇ ಸಲ ಹೂ, ಒಂದೇ ಸಲ ಬೀಜ

ಕುರಿಂಜಿಯನ್ನು ಹತ್ತಿರದಿಂದ ನೋಡಿದರೆ ಮೊದಲು ಗಮನಕ್ಕೆ ಬರುವುದು ಅದರ ಕುಳ್ಳತನ. ಗಾಳಿ ಬಡಿಯುವ ತೆರೆದ ಇಳಿಜಾರಿನಲ್ಲಿ ಅದು ಮೊಣಕಾಲೆತ್ತರದ ಪೊದೆ. ಗಾಳಿಯ ಮರೆಯಲ್ಲಿ, ಶೋಲಾ ಎಂಬ ಕಣಿವೆಯ ನಿತ್ಯಹಸಿರು ಕಾಡಿನ ಅಂಚಿನಲ್ಲಿ ಆಳೆತ್ತರಕ್ಕೂ ಹೋಗಬಲ್ಲದು. ಎಲೆಯಂಚು ಸಣ್ಣ ಗರಗಸದಂತೆ, ನರಗಳು ಒತ್ತಿ ಮೂಡಿದಂತೆ. ಗೆಲ್ಲಿನ ತುದಿಯ ತೆನೆಯಲ್ಲಿ ಹೂಗಳು ಒತ್ತೊತ್ತಾಗಿರುತ್ತವೆ. ಹೊಸದಾಗಿ ಅರಳಿದ್ದು ತಿಳಿನೀಲಿ, ಹಳತಾದಂತೆ ನೇರಳೆಗೆ ತಿರುಗುತ್ತದೆ. ಒಂದೇ ತೆನೆಯಲ್ಲಿ ಎರಡೂ ಬಣ್ಣ ಇರುವುದರಿಂದಲೇ ಗುಡ್ಡ ಬೆಳಿಗ್ಗೆ ಒಂದು ಬಗೆ, ಸಂಜೆ ಇನ್ನೊಂದು ಬಗೆ ಕಾಣುವುದು. ಕನಕಾಂಬರ, ಗೋರಂಟೆ, ಆಡುಸೋಗೆ ಎಲ್ಲ ಇದೇ ಕುಟುಂಬದವು.

ಹೂವು ಉದುರಿದ ಮೇಲಿನ ಕಥೆಯನ್ನು ಯಾರೂ ಫೋಟೊ ತೆಗೆಯುವುದಿಲ್ಲ. ಬೀಜ ಕಟ್ಟಿದ ಕುರಿಂಜಿ ಗಿಡ ಸಾಯುತ್ತದೆ. ಚಳಿಗಾಲ ಕಳೆಯುವಷ್ಟರಲ್ಲಿ ಇಳಿಜಾರಿನ ತುಂಬ ಕಂದು ಬಣ್ಣದ, ಮುಟ್ಟಿದರೆ ಮುರಿಯುವ ಕಡ್ಡಿಗಳು. ದಾರಿಹೋಕರಿಗೆ ಅದು ಸುಟ್ಟು ಹಾಕಬೇಕಾದ ಒಣಕಸದಂತೆ ಕಾಣುತ್ತದೆ. ಆದರೆ ಆ ಕಡ್ಡಿಗಳ ತುದಿಯ ಒಣ ತೆನೆಯೊಳಗೆ ಕಾಯಿಗಳಿವೆ, ಪ್ರತಿ ಕಾಯಿಯಲ್ಲಿ ಕೆಲವೇ ಬೀಜ. ಒಣಕಾಯಿಗೆ ನೀರು ತಾಕಿಸಿದರೆ ಪಟಕ್ಕನೆ ಸಿಡಿಯುವ ಒಂದು ಬಗೆಯ ಬೇಲಿಗಿಡದ ಜೊತೆ ನಮ್ಮ ಮಕ್ಕಳು ಆಡುತ್ತಾರಲ್ಲ, ಅದೂ ಇದೇ ಕುಟುಂಬದ್ದು. ಕುರಿಂಜಿಯ ಕಾಯಿಯದೂ ಅಂಥದೇ ಉಪಾಯ. ಒಣಗಿ ಸಿಡಿದು ಬೀಜವನ್ನು ತಾಯಿಗಿಡದಿಂದ ಒಂದಿಷ್ಟು ದೂರಕ್ಕೆ ಎಸೆಯುತ್ತದೆ. ರೆಕ್ಕೆಯಿಲ್ಲ, ತಿರುಳಿಲ್ಲ, ಹೊತ್ತೊಯ್ಯುವ ಹಕ್ಕಿಯಿಲ್ಲ. ಆದ್ದರಿಂದ ಬೀಜ ಬಹಳ ದೂರ ಹೋಗುವುದೂ ಇಲ್ಲ. ಒಂದು ಇಳಿಜಾರಿನ ಕುರಿಂಜಿ ಹೋಯಿತೆಂದರೆ ಪಕ್ಕದ ಗುಡ್ಡದಿಂದ ತಾನಾಗಿ ಬಂದು ತುಂಬಿಕೊಳ್ಳುವುದು ಸುಲಭವಲ್ಲ.

ಇದರಿಂದ ಎರಡು ಪರಿಣಾಮ. ಒಂದು, ಹೂವಿನ ಕಾಲದಲ್ಲಿ ಕಿತ್ತ ಗೆಲ್ಲು ಎಂದರೆ ಆ ಗಿಡ ಹನ್ನೆರಡು ವರ್ಷ ಕೂಡಿಟ್ಟ ಬೀಜದ ಒಂದು ಪಾಲು. ದಾಸವಾಳದ ಹೂ ಕಿತ್ತರೆ ನಾಳೆ ಇನ್ನೊಂದು ಬಿಡುತ್ತದೆ, ಕುರಿಂಜಿಗೆ ನಾಳೆ ಇಲ್ಲ. ಎರಡು, ಇನ್ನೂ ದೊಡ್ಡದು: ಇವತ್ತು ಮಾಡಿದ ಹಾನಿ ಇವತ್ತು ಕಾಣುವುದಿಲ್ಲ. 2022ರಲ್ಲಿ ಕಾಲ್ತುಳಿತಕ್ಕೆ ಸಿಕ್ಕ ಜಾಗ ಯಾವುದು, 2023ರ ಆರಂಭದಲ್ಲಿ ಬೀಜ ಉದುರುವ ಹೊತ್ತಿಗೆ ಬೆಂಕಿ ಬಿದ್ದ ಜಾಗ ಯಾವುದು ಎಂಬುದರ ಫಲಿತಾಂಶ ಎಲ್ಲರ ಕಣ್ಣಿಗೆ ಬೀಳುವುದು 2034ರಲ್ಲಿ. ಅಷ್ಟು ಹೊತ್ತಿಗೆ ಜಿಲ್ಲಾಧಿಕಾರಿ, ವಲಯ ಅರಣ್ಯಾಧಿಕಾರಿ, ಶಾಸಕ, ವರದಿಗಾರ ಎಲ್ಲರೂ ಬದಲಾಗಿರುತ್ತಾರೆ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಇಷ್ಟು ಅಂತರವಿರುವ ಕಡೆ ಹೊಣೆ ಯಾರದೆಂದು ಕೇಳುವವರೂ ಇರುವುದಿಲ್ಲ. ಕುರಿಂಜಿಯ ವಿಷಯದಲ್ಲಿ ನಮ್ಮ ಆಡಳಿತ ಎಡವುತ್ತಿರುವುದು ಮುಖ್ಯವಾಗಿ ಇಲ್ಲಿಯೇ. ಗಮನವೆಲ್ಲ ಹೂವಿನ ಎರಡು ತಿಂಗಳಿಗೆ, ಗಿಡದ ಹಣೆಬರಹ ನಿರ್ಧಾರವಾಗುವುದು ಅದರಾಚೆಯ ತಿಂಗಳು, ವರ್ಷಗಳಲ್ಲಿ.

ಬೋಳುಗುಡ್ಡ ಎಂಬ ತಪ್ಪು ಹೆಸರು

ಕುರಿಂಜಿ ಮರಗಳ ನೆರಳಿನಲ್ಲಿ ಬೆಳೆಯುವ ಗಿಡವಲ್ಲ. ಅದಕ್ಕೆ ತೆರೆದ ಹುಲ್ಲುಗಾವಲು ಬೇಕು. ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ನೆತ್ತಿಯ ಮೇಲೆ ಹುಲ್ಲು, ಇದು ಈ ಎತ್ತರದ ಗುಡ್ಡಗಳ ಸಹಜ ಜೋಡಣೆ. ಆದರೆ ಬ್ರಿಟಿಷರ ಕಾಲದಿಂದಲೂ ಹುಲ್ಲಿನ ಗುಡ್ಡವನ್ನು ಕಾಡು ಕಡಿದ ಮೇಲೆ ಉಳಿದ ಪಾಳುಭೂಮಿ ಎಂದೇ ನೋಡಿಕೊಂಡು ಬರಲಾಗಿದೆ. ನೀಲಗಿರಿಯ ಜೌಗುಮಣ್ಣಿನ ಪದರಗಳನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು 1990ರ ದಶಕದಲ್ಲೇ ತೋರಿಸಿದಂತೆ, 20,000 ವರ್ಷಗಳ ಹಿಂದೆಯೂ ಆ ಎತ್ತರದಲ್ಲಿ ಹುಲ್ಲುಗಾವಲುಗಳಿದ್ದವು. ಕಾಡು ಕಡಿಯುವ ಮನುಷ್ಯ ಬರುವುದಕ್ಕೂ ಎಷ್ಟೋ ಮೊದಲು. ಈ ತಿಳಿವಳಿಕೆ ಬರುವ ಹೊತ್ತಿಗೆ ನೀಲಗಿರಿ, ಪಳನಿ, ಮುನ್ನಾರ್ ಗುಡ್ಡಗಳಲ್ಲಿ ಬಹಳಷ್ಟು ಹುಲ್ಲು ಚಹಾ, ನೀಲಗಿರಿ ಮರ, ವಾಟಲ್ ಮತ್ತು ಪೈನ್ ನೆಡುತೋಪುಗಳ ಅಡಿಗೆ ಹೋಗಿತ್ತು. ಕುರಿಂಜಿ ಕೆಂಪು ಪಟ್ಟಿಗೆ ಬರಲು ದೊಡ್ಡ ಕಾರಣ ಹೂ ಕೀಳುವ ಪ್ರವಾಸಿಗಿಂತ ಹೀಗೆ ನೆಲವನ್ನೇ ಕಳೆದುಕೊಂಡದ್ದು.

ಆ ಮಟ್ಟಿಗೆ ಚಂದ್ರದ್ರೋಣ ಪುಣ್ಯವಂತ. ಕಾಫಿ ಇಳಿಜಾರಿನ ಕೆಳಭಾಗದಲ್ಲೇ ನಿಂತಿತು. ಗಾಳಿ ಬಡಿಯುವ ನೆತ್ತಿಯಲ್ಲಿ ಅದು ಬೆಳೆಯುವುದಿಲ್ಲ. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋದದ್ದು ಹೌದು. ಆದರೂ ಸಾಲಿನ ಬಹುಪಾಲು ನೆತ್ತಿ ಹುಲ್ಲಾಗಿಯೇ ಉಳಿದಿದೆ.

ಈ ಹುಲ್ಲು ಏಕೆ ಮುಖ್ಯ ಎಂಬುದಕ್ಕೆ ಉತ್ತರ ಗುಡ್ಡದ ಕೆಳಗೆ, ಬಯಲುಸೀಮೆಯಲ್ಲಿದೆ. ಅರ್ಧಚಂದ್ರದ ಆಕಾರದ ಈ ಸಾಲಿನ ಒಳಮಗ್ಗುಲ ನೀರು ಜಾಗರ ಕಣಿವೆಯ ಮೂಲಕ ಭದ್ರೆಗೆ ಹೋಗುತ್ತದೆ. ಹೊರಮಗ್ಗುಲಲ್ಲಿ ಹುಟ್ಟುವ ವೇದಾ ಹಳ್ಳ ಸಖರಾಯಪಟ್ಟಣದ ಅಯ್ಯನಕೆರೆಯನ್ನೂ, ಅವತಿ ಹಳ್ಳ ಮದಗದ ಕೆರೆಯನ್ನೂ ತುಂಬಿಸಿ, ಮುಂದೆ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಅದೇ ವೇದಾವತಿಗೆ ಹಿರಿಯೂರಿನ ಹತ್ತಿರ ಕಟ್ಟಿದ್ದು 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ. 1933ರ ನಂತರ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಚಂದ್ರದ್ರೋಣದಲ್ಲಿ ಕುರಿಂಜಿ ಅರಳಿದ್ದ ಅದೇ ದಿನಗಳಲ್ಲಿ. ಅತಿಮಳೆ, ಭದ್ರಾ ನಾಲೆಯ ನೀರು ಅದಕ್ಕೆ ಕಾರಣವೇ ಹೊರತು ಹೂವಿಗೂ ಕೋಡಿಗೂ ನೇರ ನಂಟಿಲ್ಲ. ಆದರೂ ಗುಡ್ಡದ ನೆತ್ತಿಗೂ ಚಿತ್ರದುರ್ಗದ ತೆಂಗಿನ ತೋಟಕ್ಕೂ ಇರುವ ದಾರಿಯನ್ನು ಆ ತಿಂಗಳು ನೆನಪಿಸಿತು.

ಹುಲ್ಲಿನ ಬೇರು ಒತ್ತಾಗಿ ನೇಯ್ದ ಕಂಬಳಿಯಂತೆ ತೆಳುಮಣ್ಣನ್ನು ಹಿಡಿದಿರುತ್ತದೆ. ಬಿದ್ದ ಮಳೆ ಅದರೊಳಗೆ ಇಳಿದು, ಬಂಡೆಯ ಸಂದಿಗಳಲ್ಲಿ ಜಿನುಗಿ, ಮಳೆ ನಿಂತ ಮೇಲೂ ಹಳ್ಳಗಳಲ್ಲಿ ಹರಿಯುತ್ತದೆ. ಚಕ್ರವೋ ಕಾಲೋ ಈ ಕಂಬಳಿಯನ್ನು ಒಂದು ಕಡೆ ಹರಿದರೆ ಮೊದಲ ವರ್ಷ ಒಂದು ಗೆರೆ, ಎರಡನೇ ಮಳೆಗೆ ಚರಂಡಿ, ಮೂರನೆಯದಕ್ಕೆ ಕೊರಕಲು. ಮಣ್ಣು ಹೋದಲ್ಲಿ ಕುರಿಂಜಿಯ ಬೀಜ ನಿಲ್ಲುವುದಿಲ್ಲ. ಹಾಗೆಂದು ಕುರಿಂಜಿ ಹೋದರೆ ಹೊಳೆ ಬತ್ತುತ್ತದೆ ಎಂಬ ಮಾತಿಗೆ ಅರ್ಥವಿಲ್ಲ. ನೀರು ಹಿಡಿಯುವುದು ಹುಲ್ಲು, ಮಣ್ಣು, ಶೋಲಾ. ಅವು ಅಲುಗಾಡದೆ ಇವೆಯೇ ಎಂಬುದಕ್ಕೆ ಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಸಿಗುವ ಸಾಕ್ಷಿ.

ಕಾನೂನು ಎಲ್ಲಿಯವರೆಗೆ ಕೈ ಚಾಚುತ್ತದೆ

ವನ್ಯಜೀವಿ ಕಾಯ್ದೆಯ ಮೂರನೇ ಷೆಡ್ಯೂಲಿಗೆ ಸೇರಿದ ಮೇಲೆ ಕುರಿಂಜಿಯನ್ನು ಕೀಳುವುದು, ಹಾಳುಮಾಡುವುದು, ಇಟ್ಟುಕೊಳ್ಳುವುದು, ಮಾರುವುದು ಅಪರಾಧ. ಜೈಲು, ದಂಡ ಎರಡಕ್ಕೂ ಅವಕಾಶವಿದೆ. ಹಾಗಾದರೆ ಸಮಸ್ಯೆ ಮುಗಿಯಿತಲ್ಲ ಎಂದು ಕೇಳಬಹುದು.

ಮುಗಿದಿಲ್ಲ, ಏಕೆಂದರೆ ಕಾಯ್ದೆಯ 17ಎ ಕಲಮು ಕೀಳುವುದನ್ನು ನಿಷೇಧಿಸುವಾಗ ಅರಣ್ಯ ಭೂಮಿ ಅಥವಾ ಅಧಿಸೂಚಿತ ಪ್ರದೇಶ ಎಂದು ಹೇಳುತ್ತದೆ. ಇಟ್ಟುಕೊಳ್ಳುವ, ಮಾರುವ ವಿಷಯಕ್ಕೆ ಮಾತ್ರ ಈ ಮಿತಿಯಿಲ್ಲ. ಅಂದರೆ ಗಿಡ ನಿಂತ ನೆಲ ಕಡತದಲ್ಲಿ ಏನಾಗಿದೆ ಎಂಬ ಪ್ರಶ್ನೆ ಇಲ್ಲಿ ನಿರ್ಣಾಯಕ. ಮಲೆನಾಡಿನಲ್ಲಿ ಈ ಪ್ರಶ್ನೆ ಎಷ್ಟು ಜಟಿಲ ಎಂಬುದು ಇಲ್ಲಿನ ಎಲ್ಲರಿಗೂ ಗೊತ್ತು. ಒಂದೇ ಗುಡ್ಡದ ಒಂದು ಮಗ್ಗುಲು ಮೀಸಲು ಅರಣ್ಯ, ಇನ್ನೊಂದು ಕಂದಾಯ, ಮತ್ತೊಂದು ಡೀಮ್ಡ್ ಫಾರೆಸ್ಟ್ (ದಾಖಲೆಯಲ್ಲಿ ಅರಣ್ಯವಲ್ಲದಿದ್ದರೂ ಅರಣ್ಯವೆಂದು ಪರಿಗಣಿಸಿದ ಜಾಗ) ಎಂಬ ವಾದದಲ್ಲಿ, ಉಳಿದದ್ದು ಸಾಗುವಳಿಗೆ ಯೋಗ್ಯವಲ್ಲವೆಂದು ಗುರುತಿಸಿದ ಸಿ ಅಂಡ್ ಡಿ ವರ್ಗದ ಕಂದಾಯ ಜಮೀನು. ಕುರಿಂಜಿಗೆ ಈ ಗೆರೆಗಳು ಗೊತ್ತಿಲ್ಲ.

ಕೀಳುವುದಕ್ಕೆ ಶಿಕ್ಷೆ ಇದೆ, ಸರಿ. ಜೀಪು ಹುಲ್ಲಿನ ಮೇಲೆ ಇಳಿದು ಗಿಡಗಳನ್ನು ಅರೆದರೆ? ಹೂವಿಲ್ಲದ ವರ್ಷದಲ್ಲಿ ಅದು ಕುರಿಂಜಿ ಎಂದು ಗುರುತಿಸುವವರಾದರೂ ಯಾರು? ಒಂದು ಗಿಡದ ಹೆಸರನ್ನು ಪಟ್ಟಿಗೆ ಸೇರಿಸುವುದು ಮೊದಲ ಹೆಜ್ಜೆ. ಗಿಡವನ್ನು ಅದರ ನೆಲದಿಂದ ಬೇರೆಯಾಗಿ ಕಾಪಾಡಲು ಆಗುವುದಿಲ್ಲ.

ಮೀಸಲು ಬೇಕೆನ್ನುವವರು, ಬೇಡವೆನ್ನುವವರು

ನೆಲವನ್ನೇ ಕಾಪಾಡುವ ದಾರಿಯಾಗಿ ಮುಂದೆ ಬಂದದ್ದು ಮುಳ್ಳಯ್ಯನಗಿರಿ ಸಂರಕ್ಷಣಾ ಮೀಸಲಿನ ಪ್ರಸ್ತಾವ. ಪಕ್ಕದಲ್ಲೇ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಿದೆ. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಕುದುರೆಮುಖ ಇದೆ, ಚಂದ್ರದ್ರೋಣ ಇಲ್ಲ. ಈ ಕೊರತೆಯನ್ನು ತುಂಬಲು ಮೀಸಲು ಬೇಕು ಎಂಬುದು ಪರಿಸರದ ಕಡೆಯವರ ವಾದ.

ಬೆಳೆಗಾರರದೂ ಗಿರಿಯ ಹಳ್ಳಿಗಳವರದೂ ಆತಂಕ ಬೇರೆ. ಇವತ್ತು ಮೀಸಲು ಎನ್ನುತ್ತಾರೆ, ನಾಳೆ ಅಭಯಾರಣ್ಯ ಎನ್ನುತ್ತಾರೆ, ನಾಡಿದ್ದು ಜಾಗ ಖಾಲಿ ಮಾಡಿ ಎನ್ನುತ್ತಾರೆ. ಬಗರ್‌ಹುಕುಂ ಅರ್ಜಿಗಳ ಗತಿಯೇನು, ದನ ಎಲ್ಲಿ ಮೇಯಬೇಕು, ಬಾಬಾಬುಡನ್‌ಗಿರಿಯ ಪೀಠಕ್ಕೆ, ದರ್ಗಾಕ್ಕೆ, ದೀಪಾವಳಿಗೆ ದೇವಿರಮ್ಮನ ಬೆಟ್ಟ ಹತ್ತುವುದಕ್ಕೆ ಅಡ್ಡಿಯಾಗುತ್ತದೆಯೇ? ಈ ಆತಂಕವನ್ನು ಅಜ್ಞಾನ ಎಂದು ತಳ್ಳಿಹಾಕುವುದು ಅನ್ಯಾಯ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ಕಸ್ತೂರಿರಂಗನ್ ವರದಿಯ ಆಧಾರದ ಕರಡು ಅಧಿಸೂಚನೆಗಳು ಮತ್ತೆ ಮತ್ತೆ ಬಂದು, ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿ ಸೇರಿ, 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು. ಈ ಹತ್ತು ವರ್ಷಗಳಲ್ಲಿ ಹಳ್ಳಿಯವರಿಗೆ ಅವರ ಸರ್ವೆ ನಂಬರಿಗೆ ಏನಾಗುತ್ತದೆ ಎಂದು ಕುಳಿತು ವಿವರಿಸಿದವರು ಕಡಿಮೆ. ವಿವರಿಸದ ಕಡೆ ಭಯ ಬೆಳೆಯುತ್ತದೆ.

ಆದ್ದರಿಂದ ಕಾಯ್ದೆಯ ಮಾತನ್ನೇ ನೋಡುವುದು ಒಳ್ಳೆಯದು. ಸಂರಕ್ಷಣಾ ಮೀಸಲಿಗೆ ಸಂಬಂಧಿಸಿದ 36ಎ ಕಲಮಿನ ಪ್ರಕಾರ ಸರ್ಕಾರದ ಒಡೆತನದ ಜಾಗವನ್ನು ಮಾತ್ರ ಹೀಗೆ ಘೋಷಿಸಬಹುದು. ಖಾಸಗಿ ತೋಟ ಅದರಲ್ಲಿ ಬರುವುದಿಲ್ಲ. ಘೋಷಣೆಗೆ ಮೊದಲು ಸ್ಥಳೀಯ ಸಮುದಾಯಗಳ ಜೊತೆ ಸಮಾಲೋಚನೆ ಆಗಲೇಬೇಕು. ಒಳಗೆ ವಾಸಿಸುವವರ ಹಕ್ಕುಗಳಿಗೆ ಧಕ್ಕೆಯಿಲ್ಲ. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿರುತ್ತಾರೆ. ನಿಷೇಧಗಳ ಪಟ್ಟಿಯಲ್ಲಿ ಮುಖ್ಯವಾದವು ಬೆಂಕಿ ಹಚ್ಚುವುದು, ಕಸ ಹಾಕುವುದು, ವಿಷ ಅಥವಾ ಸ್ಫೋಟಕ ಬಳಸುವುದು. ಇದಕ್ಕೆ ಉದಾಹರಣೆ ಹುಡುಕಿಕೊಂಡು ಬೇರೆ ರಾಜ್ಯಕ್ಕೆ ಹೋಗಬೇಕಿಲ್ಲ. ಇದೇ ಜಿಲ್ಲೆಯ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲೇ ಸಂರಕ್ಷಣಾ ಮೀಸಲಾಗಿದೆ. ಕೃಷ್ಣಮೃಗಗಳಿರುವ ಆ ಹುಲ್ಲುಗಾವಲಿನ ಸುತ್ತ ಹಳ್ಳಿಗಳೂ ಇವೆ, ಬೇಸಾಯವೂ ನಡೆದಿದೆ.

ಆದರೂ ಒಂದು ನ್ಯಾಯವಾದ ಪ್ರಶ್ನೆ ಉಳಿಯುತ್ತದೆ: ಸರ್ಕಾರದ್ದು ಯಾವುದು, ಸಾಗುವಳಿದಾರನದು ಯಾವುದು ಎಂಬ ಗಡಿಯೇ ಇನ್ನೂ ತೀರ್ಮಾನವಾಗಿಲ್ಲದ ಕಡೆ ಸರ್ಕಾರದ ಜಾಗ ಮಾತ್ರ ಎಂಬ ಭರವಸೆಗೆ ಬೆಲೆಯೆಷ್ಟು? ಜಂಟಿ ಸರ್ವೆ ಮುಗಿಸಿ, ನಕ್ಷೆಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಹಚ್ಚಿ, ಆಮೇಲೆ ಮೀಸಲಿನ ಮಾತೆತ್ತಿದ್ದರೆ ಅರ್ಧ ವಿರೋಧ ಕರಗುತ್ತಿತ್ತು. ಕೆಲಸದ ಕ್ರಮ ತಿರುಗುಮುರುಗಾಗಿದೆ.

ವಾಹನ ಎಣಿಸಿದರೆ ಸಾಕೇ

ಆನ್‌ಲೈನ್ ನೋಂದಣಿ ಬಂದದ್ದು ಒಳ್ಳೆಯ ಕ್ರಮ. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ, ಪಾಳಿಗೆ ಇಷ್ಟೇ ವಾಹನ ಎಂಬ ಮಿತಿಯಿಂದ ಕೈಮರದ ಚೆಕ್‌ಪೋಸ್ಟಿನ ಮುಂದೆ ರಜಾದಿನಗಳಲ್ಲಿ ಆಗುತ್ತಿದ್ದ ಸಾಲು ಹತೋಟಿಗೆ ಬರಬಹುದು. ಮಳೆಗಾಲದಲ್ಲಿ ಧರೆ ಕುಸಿಯುವ ಆ ಕಿರಿದಾದ ರಸ್ತೆಗೂ ಇದು ಬೇಕಿತ್ತು. ಹೋಮ್‌ಸ್ಟೇಯವರು, ಟ್ಯಾಕ್ಸಿಯವರು, ಕವಿಕಲ್‌ಗಂಡಿ ಕಡೆ ಜೋಳ, ಟೀ ಮಾರಿ ಬದುಕುವವರು ವ್ಯಾಪಾರ ಇಳಿಯುತ್ತದೆ ಎನ್ನುತ್ತಾರೆ. ಆ ಮಾತಿನಲ್ಲೂ ಹುರುಳಿದೆ, ಏಕೆಂದರೆ ಮೂರು ದಿನದ ರಜೆ ಬಿದ್ದಾಗಿನ ಆದಾಯವೇ ಕೆಲವರಿಗೆ ತಿಂಗಳ ಆಧಾರ.

ಆದರೆ ಮಿತಿ ಹಾಕಿರುವುದು ರಸ್ತೆಯ ತಾಳಿಕೆಗೆ. ಹುಲ್ಲಿನ ತಾಳಿಕೆಯ ಲೆಕ್ಕ ಬೇರೆ. ಮೇಲೆ ಹೋದವರಲ್ಲಿ ಎಷ್ಟು ಜನ ಕಾಲುದಾರಿ ಬಿಟ್ಟು ಹುಲ್ಲಿಗೆ ಇಳಿಯುತ್ತಾರೆ ಎಂಬುದನ್ನು ಚೆಕ್‌ಪೋಸ್ಟ್ ಎಣಿಸುವುದಿಲ್ಲ. ನೂರು ಜನ ಒಂದೇ ಕಾಲುದಾರಿಯಲ್ಲಿ ಹೋದರೆ ಆಗುವುದಕ್ಕಿಂತ ಹೆಚ್ಚು ಹಾನಿ ಇಪ್ಪತ್ತು ಜನ ಇಪ್ಪತ್ತು ದಿಕ್ಕಿಗೆ ಹೋದರೆ ಆಗುತ್ತದೆ.

ಬೇರೆಯವರು ಏನು ಮಾಡಿದ್ದಾರೆ? ಕೇರಳದ ಇರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ ಪ್ರವಾಸಿಗರು ಸ್ವಂತ ವಾಹನ ಕೆಳಗೆ ಬಿಟ್ಟು ಇಲಾಖೆಯ ಬಸ್ಸಿನಲ್ಲಿ ರಾಜಮಲೆಗೆ ಹೋಗುತ್ತಾರೆ, ಗೊತ್ತುಮಾಡಿದ ದಾರಿಯಲ್ಲೇ ನಡೆಯುತ್ತಾರೆ. ಅದೇ ಇಡುಕ್ಕಿ ಜಿಲ್ಲೆಯಲ್ಲಿ 2006ರಲ್ಲಿ ಕುರಿಂಜಿಗಾಗಿಯೇ ಘೋಷಿಸಿದ ಕುರಿಂಜಿಮಲ ಅಭಯಾರಣ್ಯ ಮಾತ್ರ ಭೂದಾಖಲೆಯ ಜಗಳದಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಹೂವಿನ ಉತ್ಸಾಹದಲ್ಲಿ ಘೋಷಣೆ ಮೊದಲು ಮಾಡಿ ಗಡಿ ಗುರುತಿಸುವುದನ್ನು ಆಮೇಲೆ ನೋಡೋಣ ಎಂದರೆ ಏನಾಗುತ್ತದೆ ಎಂಬುದಕ್ಕೆ ನಮಗೆ ಅದು ಹತ್ತಿರದ ಪಾಠ. ಕಾಸ್‌ನಲ್ಲಿ ಬುಕಿಂಗು, ಕಾವಲು, ಮಾರ್ಗದರ್ಶನವನ್ನು ಸುತ್ತಲ ಹಳ್ಳಿಗಳ ಸಮಿತಿಗಳೇ ನೋಡಿಕೊಳ್ಳುತ್ತವೆ. ಚಂದ್ರದ್ರೋಣಕ್ಕೆ ಹೊಂದುವುದು ಈ ಮೂರನೆಯದು ಎಂಬುದು ಈ ಲೇಖನದ ಅಭಿಪ್ರಾಯ. ಗಿರಿಯ ಮೇಲಿನ ಹಳ್ಳಿ ಅತ್ತಿಗುಂಡಿಯ ಹುಡುಗನೊಬ್ಬನಿಗೆ ಹೂವಿಲ್ಲದ ಕುರಿಂಜಿಯನ್ನು ತೋರಿಸಿ ವಿವರಿಸುವುದೇ ದುಡಿಮೆಯಾದರೆ, ಜೀಪನ್ನು ಹುಲ್ಲಿಗೆ ಇಳಿಸುವವನನ್ನು ಮೊದಲು ತಡೆಯುವವನು ಅವನೇ.

2034ಕ್ಕೆ ಮುಂಚೆ

ಏನೂ ಮಾಡದೆ ಬಿಟ್ಟರೆ ಏನಾದೀತು? ಕುರಿಂಜಿ ಒಮ್ಮೆಲೇ ಮಾಯವಾಗುವುದಿಲ್ಲ. ರಸ್ತೆಯಂಚಿನಲ್ಲಿ, ಕಾಲುದಾರಿಗಳ ಇಕ್ಕೆಲದಲ್ಲಿ ಮೊದಲು ತೆಳುವಾಗುತ್ತದೆ. ಕಿತ್ತುಹೋದ ಮಣ್ಣಿನಲ್ಲಿ ಲಂಟಾನ, ಯುಪಟೋರಿಯಂನಂಥ ಹೊರಗಿನ ಕಳೆಗಳು ಹಿಡಿದುಕೊಳ್ಳುತ್ತವೆ. ಅವುಗಳ ನೆರಳಿನಲ್ಲಿ ಕುರಿಂಜಿ ಸಸಿ ಏಳುವುದಿಲ್ಲ. 2034ರಲ್ಲಿ ಹೂವು ಬರುತ್ತದೆ, ಆದರೆ 2022ರ ಹಾಸಿನ ಬದಲು ತೇಪೆಗಳಾಗಿ. ಅದನ್ನು ನೋಡಲು ಬರುವ ಜನ ಮಾತ್ರ 2022ಕ್ಕಿಂತ ಹೆಚ್ಚಿರುತ್ತಾರೆ.

ಬೆಂಕಿಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಹೊಸ ಹುಲ್ಲು ಚಿಗುರಲೆಂದು ಬೆಂಕಿ ಇಡುವುದು ಹಳೆಯ ರೂಢಿ, ಹುಲ್ಲುಗಾವಲು ಕಾಡಾಗದೆ ಉಳಿಯಲು ಅದೂ ಒಂದು ಕಾರಣ ಎನ್ನುವವರಿದ್ದಾರೆ. ಪೂರ್ತಿ ತಪ್ಪೆನ್ನಲಾಗದು. ಹುಲ್ಲಿನ ಬುಡ ಬೆಂಕಿಯನ್ನು ತಡೆದುಕೊಂಡು ಮತ್ತೆ ಚಿಗುರುತ್ತದೆ. ಆದರೆ ಎಳೆಯ ಕುರಿಂಜಿ ಸಸಿಗೆ ಆ ಶಕ್ತಿ ಬಂದಿರುವುದಿಲ್ಲ, ಕಾಯಿ ಹೊತ್ತ ಒಣಕಡ್ಡಿಗಂತೂ ಇಲ್ಲವೇ ಇಲ್ಲ. ಹಾಗಾಗಿ ಬೆಂಕಿ ಒಳ್ಳೆಯದೋ ಕೆಟ್ಟದ್ದೋ ಎಂದು ಸಾರಾಸಗಟಾಗಿ ಕೇಳುವುದಕ್ಕಿಂತ, ಚಕ್ರದ ಎಷ್ಟನೇ ವರ್ಷದಲ್ಲಿ ಬಿದ್ದ ಬೆಂಕಿ ಎಂದು ಕೇಳಬೇಕು. ಹೂವಿನ ಮರುಬೇಸಿಗೆ ಮತ್ತು ಮೊದಲ ಕೆಲವು ವರ್ಷಗಳೇ ಎಲ್ಲಕ್ಕಿಂತ ನಾಜೂಕಿನವು.

ನಾವಿರುವುದು ಅದೇ ವರ್ಷಗಳಲ್ಲಿ. 2022ರ ಹೂವಿನ ಬೀಜದಿಂದ ಎದ್ದ ಸಸಿಗಳು ಈಗ ಸೀತಾಳಯ್ಯನಗಿರಿಯ ಇಳಿಜಾರಿನಲ್ಲಿ ಹುಲ್ಲಿನ ನಡುವೆ ಅಡಗಿವೆ. ಹೂವಿಲ್ಲ, ಬಣ್ಣವಿಲ್ಲ, ಗರಗಸದಂಚಿನ ಎಲೆಯಷ್ಟೇ ಗುರುತು. ಅವು ಯಾವ ಯಾವ ಇಳಿಜಾರಿನಲ್ಲಿ ಎಷ್ಟು ದಟ್ಟವಾಗಿವೆ ಎಂದು ನಕ್ಷೆ ಮಾಡಿಕೊಳ್ಳಲು ಇದು ಸರಿಯಾದ ಸಮಯ. ಕಾಲುದಾರಿಯನ್ನು ಎಲ್ಲಿ ಹಾಯಿಸಬೇಕು, ವಾಹನ ನಿಲುಗಡೆಯನ್ನು ಎಲ್ಲಿ ವಿಸ್ತರಿಸಬಾರದು ಎಂಬುದು ಆ ನಕ್ಷೆಯಿಂದಲೇ ತೀರ್ಮಾನವಾಗಬೇಕು. ಜನವರಿ ಬಂದರೆ ಗಿರಿಯ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ರಸ್ತೆಯಂಚಿನ ಬೆಂಕಿರೇಖೆ ಕೀಸುವ ಕೆಲಸ ಅಷ್ಟರೊಳಗೆ ಮುಗಿದಿರಬೇಕು, ಕಾವಲಿಗೆ ಜನ ಗೊತ್ತಾಗಿರಬೇಕು.